ಮೂರು ತೂತಿನ ಹಲಗೆ, ನಾಲ್ಕು ತೂತಿನ ತಟ್ಟೆ

ನಾನು ವಾದದಲ್ಲಿ ಸೋಲುವುದು ಅಪರೂಪ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ವೈದ್ಯರ ಮುಂದೆ ಕೂತವರು ತಮ್ಮ ಸಕ್ಕರೆಯ ಪ್ರಮಾಣ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದೇನೆ. ದಾವಣಗೆರೆಯ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಗಂಟೆ ಬಾರಿಸುವ ತನಕ ಜಗತ್ತು ನಾನು ಹೇಳಿದ ಹಾಗೇ ಇರುತ್ತಿತ್ತು. ತೊಂದರೆ ಏನೆಂದರೆ, ಕಾಲೇಜು ಬಿಟ್ಟ ಮೇಲೆ ಗಂಟೆ ಬಾರಿಸುವವರೇ ಇಲ್ಲ. ಕೊಲ್ಲಿ ದೇಶಕ್ಕೆ ಬಂದು, ಇಲ್ಲಿನ ಸೀಫ್‌ನ ಒಂದು ಆಫೀಸಿನಲ್ಲಿ ವಿಮೆಯ ಅರ್ಜಿಗಳನ್ನು ಅನುಮಾನಿಸುವ ಕೆಲಸ ಸಿಕ್ಕ ಮೇಲಂತೂ ಕಾಯಿಲೆಗೆ ಸಂಬಳ ಬಂದ ಹಾಗಾಯಿತು.

ಇಂಥ ಅನುಮಾನದವಳಿಗೂ ಒಂದು ಮರುಳಿದೆ: ಹಿಮ. ನಾನದನ್ನು ಕಂಡದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಚಿಕ್ಕವಳಿದ್ದಾಗ ಚಮಚದಿಂದ ಕೆರೆದು ಅಂಗೈಯಲ್ಲಿಟ್ಟುಕೊಂಡು, ಅದು ನೀರಾಗುವ ತನಕ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹಾಗಾಗಿ ಜುಫೈರಿನ ಫ್ಲ್ಯಾಟಿನಲ್ಲಿ ನನ್ನ ಜೊತೆಗಿರುವ ರಶ್ಮಿ, ಈದ್ ರಜೆಗೆ ಜಾರ್ಜಿಯಾದ ಹಿಮಬೆಟ್ಟಕ್ಕೆ ಹೋಗೋಣ ಎಂದಾಗ ನಾನು ಒಂದು ಆಕ್ಷೇಪವನ್ನೂ ಎತ್ತಲಿಲ್ಲ. ಬೆಂಗಳೂರಿನ ಆ ಹುಡುಗಿ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದಳು.

ಆಕ್ಷೇಪ ಬಂದದ್ದು ಆಮೇಲೆ.

“ಅಲ್ಲಿ ಗೇರ್ ಎಲ್ಲಾ ರೆಂಟ್‌ಗೆ ಸಿಗತ್ತೆ ಕಣೇ. ಸ್ನೋಬೋರ್ಡು, ಬೈಂಡಿಂಗು, ಬೂಟು, ಎಲ್ಲಾ ಒಂದೇ ಕಂಪನೀದು, ಒಂದೇ ಸೆಟ್ಟು. ಈದ್ ರಶ್ಶು, ಈಗ್ಲೇ ಬುಕ್ ಮಾಡ್ಬೇಕು. ನಿಂಗೂ ಮಾಡ್ಲಾ?”

“ಒಂದೇ ಕಂಪನೀದೇ ಯಾಕಿರ್ಬೇಕು?” ಎಂದು ಶುರುಮಾಡಿದೆ. ಒಲೆ ಒಬ್ಬರದು, ಕಾವಲಿ ಇನ್ನೊಬ್ಬರದು. ಅಷ್ಟಕ್ಕೇ ದೋಸೆ ಏಳುವುದಿಲ್ಲವೇ? ಬೇರೆ ಬೇರೆ ಕಂಪನಿಯ ಸಾಮಾನು ಒಂದಕ್ಕೊಂದು ಕೂಡುವುದಿಲ್ಲ ಎಂಬುದು ನಮ್ಮನ್ನು ಹೆದರಿಸಲು ಕಂಪನಿಗಳೇ ಹಬ್ಬಿಸಿದ ಕಥೆ. ನನ್ನದನ್ನು ನಾನೇ ಬಿಡಿಬಿಡಿಯಾಗಿ ಕೂಡಿಸಿಕೊಳ್ಳುತ್ತೇನೆ. ಇಪ್ಪತ್ತು ನಿಮಿಷ ಮಾತಾಡಿರಬೇಕು. ರಶ್ಮಿ “ಸರಿ ತಾಯಿ, ನೀನೇ ಗೆದ್ದೆ” ಎಂದು ಫೋನು ಎತ್ತಿಕೊಂಡು ಒಳಗೆ ಹೋದಳು.

ಜುಫೈರಿನಲ್ಲಿ ಯಾರಾದರೊಬ್ಬರು ಸದಾ ಊರು ಬಿಡುತ್ತಿರುತ್ತಾರೆ. ನಮ್ಮ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಸೋಫಾ, ತೊಟ್ಟಿಲು, ಮಕ್ಕಳ ಸೈಕಲ್ಲುಗಳ ನಡುವೆ ಒಂದು ದಿನ ಸ್ನೋಬೋರ್ಡ್ ಬಂತು, ಎರಡೂ ಕಾಲಿಟ್ಟು ಹಿಮದ ಮೇಲೆ ಜಾರುವ ಹಲಗೆ. ಅದಕ್ಕೆ ಕಾಲು ಬಿಗಿಯುವ ಬೈಂಡಿಂಗ್ ಇನ್ನೊಂದು ಮಹಡಿಯವರಿಂದ ಬಂತು. ಬೂಟು ಹಳೇ ಸಾಮಾನಿನ ಅಂಗಡಿಯದು. ಹಿಮದ ಚಿತ್ರವಿದ್ದ ಪೆಟ್ಟಿಗೆ ನೋಡಿಯೇ ತಂದುಬಿಟ್ಟೆ. ಮೂರು ಕಂಪನಿ, ಮೂರು ಬಣ್ಣ. ಆ ವಾರವೆಲ್ಲ ಆಫೀಸಿನಿಂದ ಬಂದವಳೇ ಎ.ಸಿ.ಯನ್ನು ಹದಿನಾರಕ್ಕಿಳಿಸಿ, ಹಲಗೆಯನ್ನು ಹಾಲ್‌ನಲ್ಲಿ ಹಾಸಿ, ಕಾಲುಚೀಲದಲ್ಲಿ ಅದರ ಮೇಲೆ ನಿಲ್ಲುತ್ತಿದ್ದೆ. ಕಿಟಕಿಯಾಚೆ ಧೂಳು ಕವಿದ ಸಂಜೆ. ಎತ್ತರದ ಕಟ್ಟಡಗಳು ಒಂದೊಂದಾಗಿ ಬಿಳುಪಿನಲ್ಲಿ ಕರಗುತ್ತಿದ್ದವು. ಕಣ್ಣು ಅರೆಮುಚ್ಚಿದರೆ ಅದು ಧೂಳಲ್ಲ, ಸದ್ದಿಲ್ಲದೆ ಬೀಳುತ್ತಿರುವ ಹಿಮ. ನಾನು ಮೊಣಕಾಲು ಬಾಗಿಸಿ, ಸೋಫಾದ ಪಕ್ಕದಿಂದ ಟೀವಿಯ ಕಣಿವೆಗೆ ಜಾರುತ್ತಿದ್ದೆ. ನಿಂತಲ್ಲೇ. ಆ ಹೊತ್ತಿನಲ್ಲಿ ನನ್ನೊಳಗೆ ಪರವೂ ಇರಲಿಲ್ಲ, ವಿರೋಧವೂ ಇರಲಿಲ್ಲ.

ನಿಂತು ಕನಸು ಕಾಣುವುದರಲ್ಲಿ ಬೋಲ್ಟ್ ಬಿಗಿಯುವುದು ಹಿಂದೆ ಬಿತ್ತು. ವಿಮಾನ ಶನಿವಾರ. ಶುಕ್ರವಾರ ಬೆಳಿಗ್ಗೆ ಕೂತು ನೋಡುತ್ತೇನೆ: ಬೈಂಡಿಂಗಿನ ನಡುವಿನ ತಟ್ಟೆಗೆ ನಾಲ್ಕು ತೂತು, ಚೌಕವಾಗಿ. ಹಲಗೆಯಲ್ಲಿ ಮೂರೇ, ತ್ರಿಕೋನವಾಗಿ.

ಕೆಳಗಿನ ಮಹಡಿಯ ಯೋಗೀಶಣ್ಣನನ್ನು ಕರೆದೆ. ಉಡುಪಿ ಕಡೆಯವರು, ಹಿದ್‌ನ ವರ್ಕ್‌ಶಾಪಿನಲ್ಲಿ ಎ.ಸಿ. ಡಕ್ಟ್ ಮಾಡುವುದರಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ. ಅವರು ಮೊದಲು ಏನನ್ನೂ ಕೇಳುವುದಿಲ್ಲ. ತಟ್ಟೆಯನ್ನು ಹಲಗೆಯ ಮೇಲಿಟ್ಟು ಒಂದು ಸುತ್ತು ತಿರುಗಿಸಿದರು, ಬೆರಳಿನಿಂದ ತೂತು ಮುಟ್ಟಿದರು.

“ಒಂದು ಬೋಲ್ಟ್ ಕೂತ್ಕೊಳ್ತದೆ ತಂಗಿ. ಎರಡನೆಯದು ಕೂತ್ಕೊಳ್ಲಿಕ್ಕಿಲ್ಲ.”

“ಒಂದನ್ನೇ ಗಟ್ಟಿಯಾಗಿ ಬಿಗಿದ್ರೆ ಸಾಕಲ್ಲ?”

“ಸಾಕು ಮಾರಾಯ್ತಿ. ಬೆಟ್ಟದ ಮೇಲೆ ಸೀಲಿಂಗ್ ಫ್ಯಾನಿನ ಹಾಗೆ ತಿರುಗ್ತಿ.”

“ಹಾಗಿದ್ರೆ ಹೊಸ ತೂತು ಕೊರೀರಿ. ತತ್ವ ಒಂದೇ ಅಲ್ವಾ ಅಣ್ಣ? ಹಲಗೆ ಅಂದ್ರೆ ಹಲಗೆ, ಬೋಲ್ಟ್ ಅಂದ್ರೆ ಬೋಲ್ಟ್.”

“ಡಕ್ಟಿಗೆ ತಪ್ಪು ತೂತು ಕೊರೆದ್ರೆ ಗಾಳಿ ಹೋಗ್ತದೆ. ಇದಕ್ಕೆ ಕೊರೆದ್ರೆ ನೀನು ಹೋಗ್ತಿ. ನಾನು ಕೊರೆಯೂದಿಲ್ಲ.”

ನಾನು ಎರಡನೇ ಸುತ್ತಿನ ವಾದಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಬೂಟನ್ನು ಕೈಗೆತ್ತಿಕೊಂಡಿದ್ದರು. ಬೆರಳಿನಿಂದ ಕುಟ್ಟಿದರು, ಬಕೆಟ್ ಕುಟ್ಟಿದ ಸದ್ದು ಬಂತು.

“ಇದೆಂತ, ಬಗ್ಗುವುದೇ ಇಲ್ಲ? ಮುಂದೆ ಒಂದು ತುಟಿ, ಹಿಂದೆ ಒಂದು ತುಟಿ. ಇದನ್ನು ಎಂತದೋ ಒಂದು ಕಚ್ಚಿ ಹಿಡೀಬೇಕು. ನಿನ್ನ ಬೈಂಡಿಂಗಿನಲ್ಲಿ ಬರೀ ಪಟ್ಟಿ ಉಂಟು. ಕಚ್ಚುವಂಥದ್ದು ಎಲ್ಲುಂಟು?”

ಫೋನಿನಲ್ಲಿ ಹುಡುಕಿದೆ. ಅದು ಸ್ನೋಬೋರ್ಡಿನ ಬೂಟೇ ಅಲ್ಲ, ಸ್ಕೀಯದು. ಎರಡು ಉದ್ದ ಪಟ್ಟಿಗಳ ಮೇಲೆ, ಕಾಲಿಗೊಂದರಂತೆ ಜಾರುವವರದು. ಹಿಮವನ್ನೇ ಕಾಣದ ಉಡುಪಿಯವರು ತುಟಿ ನೋಡಿ ಹೇಳಿದ್ದನ್ನು ನಾನು ವಾರವಿಡೀ ಪಕ್ಕದಲ್ಲಿಟ್ಟುಕೊಂಡು ನೋಡಿರಲಿಲ್ಲ.

“ಚರ್ಚೆ ಮಾಡು, ನೀನೇ ಗೆಲ್ತಿ,” ಎಂದರು ಯೋಗೀಶಣ್ಣ, ಸ್ಪ್ಯಾನರನ್ನು ಪೆಟ್ಟಿಗೆಗೆ ಹಾಕುತ್ತ. “ಬೋಲ್ಟಿಗೆ ಕಿವಿ ಇಲ್ಲ ನೋಡು. ಖಲಾಸ್.”

ಅವರು ಹೋದ ಮೇಲೆ ಹಲಗೆಯ ಮೇಲೆ ಕೂತೆ. ಬೆಟ್ಟದ ಬಾಡಿಗೆ ಅಂಗಡಿಯ ಪುಟವನ್ನು ಫೋನಿನಲ್ಲಿ ತೆರೆದರೆ ಈದ್ ವಾರದ ಬುಕಿಂಗ್ ಮುಗಿದಿತ್ತು. ಎಲ್ಲರೂ ಜಾರುವಾಗ ನಾನು ಹೋಟೆಲಿನ ಕಿಟಕಿಯಲ್ಲಿ, ದೊಡ್ಡದೊಂದು ಫ್ರಿಜ್ಜಿನ ಖಾನೆ ನೋಡುವ ಹಾಗೆ ಹಿಮವನ್ನು ನೋಡುತ್ತ ಕೂರಬೇಕು. ಅಂಗೈ ತಣ್ಣಗಾಯಿತು. ಕೊನೆಗೆ ರಶ್ಮಿಯ ಕೋಣೆಯ ಬಾಗಿಲು ತಟ್ಟಿ, ಜನ್ಮದಲ್ಲಿ ಅಭ್ಯಾಸವಿಲ್ಲದ ವಾಕ್ಯ ಹೇಳಿದೆ: “ನಾನು ಹೇಳಿದ್ದು ತಪ್ಪಾಗಿತ್ತು ಕಣೇ.”

ಅವಳು ಬಟ್ಟೆ ಮಡಿಸುತ್ತಲೇ ಇದ್ದಳು. “ಗೊತ್ತು. ನಿಂದೂ ಬುಕ್ ಮಾಡಿದೀನಿ.”

“ಯಾವಾಗ?”

“ನೀನು ಗೆದ್ದ ದಿನಾನೇ. ನೀನು ಅಷ್ಟು ಚೆನ್ನಾಗಿ ಗೆದ್ರೆ ನಂಗೆ ಭಯ ಆಗತ್ತೆ. ಫುಲ್ ಸೆಟ್, ಬೂಟ್ ಸೈಜ್ ಮೂವತ್ತೆಂಟು.”

ಕಣ್ಣ ಮುಂದೆ ಮತ್ತೆ ಹಿಮ ಸುರಿಯತೊಡಗಿತು. ಆದರೂ, ನನ್ನ ಸೈಜ್ ಮೂವತ್ತೇಳು ಎಂದು ಆಕ್ಷೇಪ ಎತ್ತಲು ಬಾಯಿ ತೆರೆದೆ. ತೆರೆದದ್ದನ್ನು ಮುಚ್ಚಿಕೊಂಡೆ. ಒಂದರ ಮೇಲೊಂದು ಎರಡು ಜೊತೆ ಕಾಲುಚೀಲ ಹಾಕಿದರೆ ಸರಿಹೋಗುತ್ತದೆ. ಬೇರೆ ಬೇರೆ ಕಂಪನಿಯವಾದರೂ ಏನು ತೊಂದರೆ?