ಆಷಾಢದ ಅಳಿಯನೂ ಬಿಲಾಯತಿ ವೀಸಾವೂ

ಗಂಡ-ಹೆಂಡತಿ ನಿಜವಾಗಿಯೂ ಗಂಡ-ಹೆಂಡತಿಯೇ ಎಂದು ತೋರಿಸಲು ಪುರಾವೆ ಕೊಡಬೇಕಾದ ದಿನ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ಕಾಲದಲ್ಲಿ ಊರಿಗೆಲ್ಲ ಊಟ ಹಾಕಿದರೆ ಮುಗಿಯಿತು, ಉಂಡವರೇ ಸಾಕ್ಷಿ. ಫೋನಿನಲ್ಲಿ ಒಂದೇ ಬೆರಳಿನಿಂದ ಕನ್ನಡ ಕುಟ್ಟುವುದನ್ನು ಈಚೆಗಷ್ಟೇ ಕಲಿತಿದ್ದೇನೆ. ಗಾಬರಿ ಇನ್ನೂ ಇಳಿದಿಲ್ಲ, ಅಕ್ಷರ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮೊಮ್ಮಗಳು ಸುನಂದಾ ಬನಹಟ್ಟಿಯ ನಮ್ಮ ಮನೆಯಲ್ಲೇ ಬೆಳೆದವಳು, ಸೀರೆಗಳಿಗೆ ವಿನ್ಯಾಸ ಬರೆಯುತ್ತಾಳೆ. ಮಗ್ಗ ನೋಡಲು ಬಂದ ಇಂಗ್ಲೆಂಡಿನ ಹುಡುಗ ಡ್ಯಾನಿಯಲ್ ಮಗ್ಗಕ್ಕಿಂತ ಇವಳನ್ನೇ ಹೆಚ್ಚು ನೋಡಿದ. ಮದುವೆಯಾಯಿತು. ನಮ್ಮ ಬಾಯಲ್ಲಿ ಅವನು ದಾನಪ್ಪ. ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವುದರಲ್ಲಿ ನನ್ನ ಮಗನಿಗಿಂತ ಅಚ್ಚುಕಟ್ಟು. ಆದರೆ ಕೈಗೆ ಹಚ್ಚಿದ ಅರಿಶಿನ ಮಾಸುವ ಮೊದಲೇ ಆಷಾಢ ಹಿಡಿಯಿತು. ಆಷಾಢದಲ್ಲಿ ಹೊಸ ಮದುಮಕ್ಕಳು ಒಂದೇ ಸೂರಿನಡಿ ಇರಬಾರದು. ಅವನಿಗೆ ರಜೆ ಇದ್ದದ್ದೂ ಅದೇ ತಿಂಗಳು.

"ಆಯಿ, ಆಂವ ಸಮುದ್ರ ದಾಟಿ ಬಂದಾನ!" ಎಂದು ಸುನಂದಾ ಅತ್ತಳು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ.

"ಸಮುದ್ರ ದಾಟಿದಾಂವಗ ಚಿಮ್ಮಡ ಏನ ದೂರ?" ಎಂದು ಅವನನ್ನು ಹತ್ತಿರದ ಹಳ್ಳಿ ಚಿಮ್ಮಡದಲ್ಲಿರುವ ನನ್ನ ತಮ್ಮನ ಮನೆಯಲ್ಲಿ ಇಳಿಸಿದೆ. ಹಗಲು ಭೇಟಿಯಾಗಬಹುದು, ಆದರೆ ಜೊತೆಗೆ ನಾನಿರಬೇಕು. ಹೀಗೆ ಮಹಾಲಿಂಗಪುರದ ಬೆಲ್ಲದ ಪೇಟೆ, ಮುಧೋಳದ ಬಳೆ ಅಂಗಡಿ, ಕಬ್ಬಿನ ಹಾಲಿನ ಗಾಡಿ, ಎಲ್ಲ ಕಡೆ ಮೂವರೂ ಹೋದೆವು. ನನಗೂ ಪುಕ್ಕಟೆ ಸುತ್ತಾಟ.

ಅವನು ಇಂಗ್ಲೆಂಡಿಗೆ ಮರಳಿದ ಮೇಲೆ, ಸುನಂದಾ ಅಲ್ಲಿಗೆ ಹೋಗಿ ಸಂಸಾರ ಮಾಡಲು ವೀಸಾ ಬೇಕೆಂದರು. ಜಮಖಂಡಿಯಲ್ಲಿ ಅಂಥ ಕಾಗದಪತ್ರ ಮಾಡಿಸಿಕೊಡುವ ಒಬ್ಬನಿದ್ದಾನೆ, ನಾನೂ ಜೊತೆಗೆ ಹೋದೆ. ಅವನು ಬೇಕಾದದ್ದರ ಪಟ್ಟಿಯನ್ನೇ ಓದಿದ. ಹುಡುಗಿಗೆ ಇಂಗ್ಲಿಷಿನ ಪರೀಕ್ಷೆ, ಕ್ಷಯರೋಗದ ತಪಾಸಣೆ. ಹುಡುಗನ ಗಳಿಕೆ, ಮನೆ ಎಲ್ಲ ತೋರಿಸಬೇಕು. ಕನ್ಯೆ ನೋಡಲು ಬಂದ ಬೀಗರೂ ಇಷ್ಟು ಕೇಳುವುದಿಲ್ಲ! ಇಷ್ಟಾದರೂ ವೀಸಾ ಮೂರು ವರ್ಷ ತುಂಬುವ ಮೊದಲೇ ತೀರುತ್ತದಂತೆ. ಆಗ ಇನ್ನೂ ಕೂಡಿಯೇ ಇದ್ದೀರಾ ಎಂದು ಮತ್ತೆ ವಿಚಾರಣೆ.

"ಮದುವಿ ಅಂದ್ರ ಬಸ್ ಪಾಸ್ ಏನೋ, ತಿರುಗಿ ತಿರುಗಿ ಮಾಡಸಾಕ?" ಎಂದೆ.

"ಅದು ಮುಂದಿನ ಮಾತ್ರಿ, ಆಯೀರ. ಈಗ ಸಂಬಂಧ ಖರೇ ಐತಿ ಅನ್ನೂದಕ್ಕ ಪುರಾವೆ ಬೇಕ್ರಿ. ಮದುವಿ ಫೋಟೊ ಅದಾವು, ಛಲೋ ಆತು. ಮದುವಿ ಆದ ಮ್ಯಾಲಿನವು ತೋರಸ್ರಿ."

ಸುನಂದಾ ಫೋನು ಕೊಟ್ಟಳು. ಬೆಲ್ಲದ ಪೇಟೆಯಲ್ಲಿ ಅವನು, ಇವಳು, ನಡುವೆ ನಾನು. ಬಳೆ ಅಂಗಡಿಯಲ್ಲಿ ನಡುವೆ ನಾನು. ಕಬ್ಬಿನ ಹಾಲಿನ ಲೋಟ ಹಿಡಿದು, ಹಲ್ಲಿಲ್ಲದ ಬಾಯಿ ಬಿಟ್ಟು, ನಡುವೆ ನಾನೇ.

"ಆಯೀರ, ಇವನ್ನ ನೋಡಿದ್ರ ಸಾಹೇಬ್ರು ನಿಮಗ ವೀಸಾ ಕೊಡ್ತಾರ ನೋಡ್ರಿ," ಎಂದ. "ಹೋಗ್ಲಿ, ಇಬ್ಬರೂ ಕೂಡಿ ಎಲ್ಲಿ ಇದ್ದರು?"

"ಈಕಿ ಬನಹಟ್ಟ್ಯಾಗ, ಆಂವ ಚಿಮ್ಮಡದಾಗ."

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ. ಬಸ್ಸಿನಲ್ಲಿ ಸುನಂದಾ ಕಿಟಕಿಯ ಹೊರಗೆ ನೋಡುತ್ತ ಮೂಗೊರೆಸಿಕೊಂಡಳು. ನಾನು ಹಿಡಿದ ಆಷಾಢ ಈ ಹುಡುಗಿಯ ಸಂಸಾರವನ್ನೇ ನುಂಗಿಬಿಟ್ಟರೆ?

ಮನೆಗೆ ಬಂದವಳೇ ಬಿಲಾಯತಿ ಸಾಹೇಬರಿಗೆ ಫೋನಿನಲ್ಲಿ ಹೇಳಿಕೆ ಕುಟ್ಟಿದೆ. ಇವರನ್ನು ದೂರ ಇಟ್ಟವಳು ನಾನು, ಅದು ನಮ್ಮ ಪದ್ಧತಿ. ಆದರೂ ಹುಡುಗ ದಿನಾ ಬೆಳಗ್ಗೆ ಹಾಲಿನವನಿಗಿಂತ ಮೊದಲೇ ನನ್ನ ತಮ್ಮನ ಸೈಕಲ್ ತುಳಿದುಕೊಂಡು ಬಂದು ನಮ್ಮ ಕಿಟಕಿಯ ಕೆಳಗೆ ನಿಲ್ಲುತ್ತಿದ್ದ. ಹುಡುಗಿ ಒಳಗಿನಿಂದ ಪಿಸುಗುಡುತ್ತಿದ್ದಳು. ನಾನು ಗೊರಕೆ ಹೊಡೆದಂತೆ ಮಾಡುತ್ತಿದ್ದೆ. ಸುಳ್ಳು ಸಂಬಂಧಕ್ಕೆ ಯಾರು ಇಷ್ಟು ಸೈಕಲ್ ತುಳಿಯುತ್ತಾರೆ, ನೀವೇ ಹೇಳಿ ಎಂದು ಕೇಳಿದೆ.

ಇಂಗ್ಲಿಷಿಗೆ ತಿರುಗಿಸಲು ಕೂತ ಸುನಂದಾ ಕೆಂಪಾದಳು. "ಆಯಿ, ನಿನಗ ಗೊತ್ತಿತ್ತಾ?"

"ನಾ ಮುದುಕಿ ಆಗೇನಿ, ಕುರುಡಿ ಆಗಿಲ್ಲಬೇ."

ಆ ಹೇಳಿಕೆಯನ್ನೂ ಅವರಿಬ್ಬರ ಮೊಬೈಲ್ ಮಾತುಕತೆಯನ್ನೂ ಸೇರಿಸಿ ಕಳಿಸಿದೆವು. ಕೆಲವು ತಿಂಗಳು ಕಾದ ಮೇಲೆ ವೀಸಾ ಬಂತು. ದಾನಪ್ಪ ಸಂಭ್ರಮದಲ್ಲಿ ಪಂಚಾಂಗ ಕೇಳದೆ ಟಿಕೆಟ್ ಮಾಡಿಸಿದ್ದ, ಅದೂ ಅಮಾವಾಸ್ಯೆಯ ದಿನಕ್ಕೆ! ಮನೆಯವರೆಲ್ಲ ನನ್ನ ಮುಖ ನೋಡಿದರು.

"ಹೋಗ್ಲಿ ಬಿಡ್ರಿ. ವಿಮಾನ ಮ್ಯಾಲೆ ಹಾರತೈತಿ, ಅಮಾಸಿ ಏನಿದ್ರೂ ನೆಲದ ಮ್ಯಾಲಿನ ಮಂದಿಗೆ," ಎಂದೆ.

ನನ್ನ ಮಗ ಹತ್ತಿರ ಬಂದು ಹಣೆ ಮುಟ್ಟಿ ನೋಡಿದ. "ಯವ್ವಾ, ಜ್ವರ ಬಂದಾವೇನು?"

ಜ್ವರ ಬಂದಿರಲಿಲ್ಲ. ಆದರೆ ಅವರೆಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ನನಗೇ. ಹಿರಿಯರ ಮಾತನ್ನು ಒಂದಿನಿತೂ ಮೀರದ ಹೆಂಗಸು ನಾನು. ನಾನು ಮುಖವನ್ನೂ ನೋಡದ ಯಾವನೋ ಒಬ್ಬ ವೀಸಾ ಅಧಿಕಾರಿ ಈ ವಯಸ್ಸಿನಲ್ಲಿ ನನ್ನನ್ನು ಹೀಗೆ ಕೆಡಿಸಿಬಿಟ್ಟನಲ್ಲ!