ಅಂಟು ಒಣಗದ ಮೇಕೆ

"ಮಗಳ ಶಾಲೆ ಕೆಲಸಕ್ಕೆ ಈ ಸಲ ಕಿರುಬೆರಳೂ ತಾಗಿಸಲ್ಲ!" ಎಂದು ಊಟದ ಮೇಜಿನ ಮುಂದೆ ಘೋಷಿಸಿದೆ. ಹೆಂಡತಿ ಮಾರ್ಲೂಸ್ ಬಟಾಣಿ ಸೂಪಿನಿಂದ ತಲೆ ಎತ್ತಲಿಲ್ಲ. "ಹೋದ ಸಲಾನೂ ಹೀಗೇ ಅಂದಿದ್ರಿ."

ಮಗಳು ಮಾರಿಟ್‌ಗೆ ಎಂಟು ತುಂಬಿದೆ. ಮಕ್ಕಳಿಗೆ ಉಡುಗೊರೆ ಸಿಗುವ ಸಿಂಟರ್‌ಕ್ಲಾಸ್ ಹಬ್ಬಕ್ಕೆ ತರಗತಿಯಲ್ಲಿ ಚೀಟಿ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರಿಗೆ ಕೊಡುವ ಉಡುಗೊರೆಯನ್ನು ಗೊಂಬೆಯೊಳಗೆ ಬಚ್ಚಿಟ್ಟು, ಕೀಟಲೆಯ ಪದ್ಯ ಬರೆದು ಕೊಡಬೇಕು. ಮಕ್ಕಳು ತಾವೇ ಮಾಡಿ ಕಲಿಯಲಿ ಎಂದು ಟೀಚರಮ್ಮನ ಆಜ್ಞೆ. ಇವಳ ಚೀಟಿಯಲ್ಲಿ ಬಂದವನು ಮೇಕೆ ಸಾಕಿರುವ ಯೊರಿಟ್.

ಮಾರಿಟ್ ಶೂ ಡಬ್ಬಿಗೆ ನಾಲ್ಕು ರಟ್ಟಿನ ಕಾಲು ಅಂಟಿಸಿದಳು. ಮೇಕೆ ಒಂದು ಕಡೆಗೆ ವಾಲಿತು. ಅಷ್ಟೇ! ಇಪ್ಪತ್ತು ವರ್ಷ ಸೇತುವೆ ಕಟ್ಟಿದ ಎಂಜಿನಿಯರನಾದ ನನ್ನ ರಕ್ತ ಕುದಿಯಿತು.

"ಒಂದೇ ಒಂದು ಕಾಲು ಸರಿಮಾಡ್ತೀನಿ ಮರಿ."

"ಬೇಡಪ್ಪ, ನಾನೇ ಮಾಡ್ತೀನಿ."

"ಲೆಕ್ಕಾಚಾರ ತಪ್ಪಿದೆ ಕಣೇ!"

"ಮೇಕೆಗೆ ಲೆಕ್ಕ ಬರಲ್ಲಪ್ಪ."

ಕೇಳಿದೆನೇ? ಭಾನುವಾರದ ಹೊತ್ತಿಗೆ ತಂತಿ, ಹಳೇ ಪೇಪರು, ಒಂದು ಬಕೆಟ್ ಅಂಟು ಸೇರಿ ಹಾಲಿನಲ್ಲಿ ಕರುವಿನ ಗಾತ್ರದ ಮೇಕೆ ನಿಂತಿತ್ತು! ಯೊರಿಟನ ಹೆಸರಿನ ಮೊದಲ ಅಕ್ಷರದ ಆಕಾರದ ಉಡುಗೊರೆ ಚಾಕೊಲೇಟು ಅದರ ಹೊಟ್ಟೆಯಲ್ಲಿ ಭದ್ರ. ಮಗಳು ಮೂಲೆಯಲ್ಲಿ ಬೆನ್ನು ತಿರುಗಿಸಿ ಏನೋ ಕತ್ತರಿಸುತ್ತಿದ್ದಳು.

ಆದರೆ ಹಬ್ಬ ನಾಳೆ, ಅಂಟು ಇನ್ನೂ ಹಸಿ. ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ, ಅದು ಹೊಗೆ ಕಾರಿ ಪ್ರಾಣ ಬಿಟ್ಟಿತು. ಮೇಕೆಯನ್ನು ಮನೆ ಬೆಚ್ಚಗಿಡುವ ಬಿಸಿ ರೇಡಿಯೇಟರಿಗೆ ಒರಗಿಸಿ ಕಾಫಿ ಕುಡಿಯಲು ಹೋದೆ.

"ರೀ! ನಿಮ್ಮ ಮೇಕೆ ಗಲೀಜು ಮಾಡ್ತಿದೆ!"

ನಿಜ! ಮಂಡಿಯೂರಿದ ಮೇಕೆಯ ಹಿಂಬದಿಯಿಂದ ಯೊರಿಟನ ಮೊದಲಕ್ಷರ ಕರಗಿ, ಅತ್ತೆ ಕೊಟ್ಟ ಬಿಳಿ ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮಗು ನಾಳೆ ಎಲ್ಲರೆದುರು ಬರಿಗೈಯಲ್ಲಿ ನಿಲ್ಲಬೇಕಲ್ಲ!

ಮಾರಿಟ್ ಅಳಲಿಲ್ಲ. ಮಂಚದಡಿಯಿಂದ ತನ್ನ ವಾಲುವ ಮೇಕೆಯನ್ನು ತಂದಳು. ಅದಕ್ಕೀಗ ಗಡ್ಡವೂ ಬಂದಿತ್ತು.

"ಚಾಕೊಲೇಟು?" ಎಂದೆ.

"ನಿಮ್ಮನ್ನ ನಂಬ್ಕೊಂಡು ಕೂರಕ್ಕಾಗತ್ತಾ?" ಎಂದಳು ಮಾರ್ಲೂಸ್. "ಎರಡು ತಂದಿಟ್ಟಿದ್ದೆ."

ಮರುದಿನ ಯೊರಿಟ್ ಅದನ್ನು ತಬ್ಬಿಕೊಂಡು, "ನಮ್ಮನೆ ಮೇಕೆನೂ ಹೀಗೇ ಕುಂಟತ್ತೆ!" ಎಂದು ಕುಣಿದನಂತೆ.

ಸಂಜೆ ಮನೆಯ ಹಬ್ಬದಲ್ಲಿ ಮಗಳು ನನ್ನ ಕೈಗೂ ಒಂದು ಡಬ್ಬಿ ಇಟ್ಟಳು. ಒಳಗೆ ರಟ್ಟಿನ ಎರಡು ಹಸ್ತ, ಒಂದಕ್ಕೊಂದು ಅಂಟಿಸಿಟ್ಟಿದ್ದಳು. ಜತೆಗೆ ಪದ್ಯ:

"ಅಪ್ಪನ ಕೈಗೆ ತುರಿಕೆ ಜಾಸ್ತಿ, ಸುಮ್ನೆ ಇರೋಕಾಗಲ್ಲ,
ಎರಡೂ ಸೇರಿಸಿ ಅಂಟಿಸಿಬಿಟ್ಟೆ, ಇನ್ನು ತೊಂದ್ರೆ ಆಗಲ್ಲ!"

ಬಿಡಿಸೋಣವೆಂದು ಎಳೆದೆ, ತಿರುಚಿದೆ, ಹಲ್ಲಿನಿಂದಲೂ ಜಗ್ಗಿದೆ. ಉಹೂಂ! ಎಂಟು ವರ್ಷದವಳ ಅಂಟು ಚೆನ್ನಾಗಿ ಒಣಗಿತ್ತು.