ದೀಪ ಆರಿಸಿ ದೊಡ್ಡವರಾದವರು

ಕರೆಂಟು ಬಿಲ್ಲಿನಲ್ಲಿ ನಾಲ್ಕಾಣೆ ಉಳಿಸಲೇಬೇಕು ಅಂತ ಮನುಷ್ಯ ಒಂದು ಸಲ ತೀರ್ಮಾನ ಮಾಡಿಬಿಟ್ಟರೆ, ಮನೆಯ ದೀಪಕ್ಕಿಂತ ಮೊದಲು ಅವನ ಬುದ್ಧಿ ಆರುತ್ತದೆ. ಇದು ಊಹೆಯಲ್ಲ. ಐವತ್ತರ ದಶಕದಲ್ಲಿ ಮೀಟರ್ ರೀಡರ್ ಕೆಲಸಕ್ಕೆ ಸೇರಿ ಜಯನಗರ, ತ್ಯಾಗರಾಜನಗರದ ಬೀದಿಗಳನ್ನು ಹನ್ನೆರಡು ವರ್ಷ ಸೈಕಲ್ಲಿನಲ್ಲಿ ಸುತ್ತಿದವನು ನಾನು. ತಿಂಗಳಿಗೊಂದಾದರೂ ಇಂಥದ್ದು ಕಣ್ಣಿಗೆ ಬೀಳುತ್ತಿತ್ತು. ಬಡವರ ಮನೆಯಲ್ಲಲ್ಲ. ಅವರು ಇರುವ ಒಂದು ಬಲ್ಬು ಉರಿಸಿ, ಮರ್ಯಾದೆಯಾಗಿ ಬಿಲ್ಲು ಕಟ್ಟುತ್ತಿದ್ದರು. ನಾನು ಹೇಳುತ್ತಿರುವುದು ಸ್ವಂತ ಮನೆ, ಪೆನ್ಷನ್ನು, ಗೇಟಿನ ಮೇಲೆ ಹಿತ್ತಾಳೆ ಬೋರ್ಡು ಇದ್ದವರ ವಿಚಾರ.

1. ಗೋಡೆಗೊಂದು ತೂತು

ತ್ಯಾಗರಾಜನಗರದಲ್ಲಿ ಒಬ್ಬರು ರಿಟೈರ್ಡ್ ಅಕೌಂಟೆಂಟ್ ಇದ್ದರು. ಅಡಿಗೆಮನೆಗೂ ಬಚ್ಚಲುಮನೆಗೂ ನಡುವಿನ ಗೋಡೆಯಲ್ಲಿ ಎರಡು ಇಟ್ಟಿಗೆ ತೆಗೆಸಿ, ಆ ತೂತಿನಲ್ಲಿ ಒಂದು ಬಲ್ಬು ನೇತುಹಾಕಿಸಿದ್ದರು. ಒಂದೇ ಬಲ್ಬಿನಲ್ಲಿ ಎರಡು ಕೋಣೆಗೆ ಬೆಳಕು. ಅದನ್ನು ನನಗೆ ತೋರಿಸುವಾಗ ಅವರ ಮುಖದಲ್ಲಿ ಅಣೆಕಟ್ಟೆ ಕಟ್ಟಿಸಿದವರ ಗಾಂಭೀರ್ಯ. ಸ್ವಿಚ್ಚು ಅಡಿಗೆಮನೆಯ ಕಡೆಗಿತ್ತು. ಅದರ ಪಕ್ಕದಲ್ಲೇ ಅವರ ಕೈಬರಹದ ಚೀಟಿ: 'ಈ ಕೋಣೆಯಲ್ಲಿ ಯಾರೂ ಇಲ್ಲದಾಗ ದೀಪ ಆರಿಸತಕ್ಕದ್ದು.'

ಒಂದು ಬೆಳಿಗ್ಗೆ ನಾನು ಮೀಟರ್ ನೋಡುತ್ತಾ ನಿಂತಿದ್ದೆ. ಬಚ್ಚಲಿನಿಂದ ಯಜಮಾನರ ದನಿ ಬಂತು.

"ಲೇ, ದೀಪ ಹಾಕೇ. ಶೇವ್ ಮಾಡ್ಕೋತಿದೀನಿ."

ಅವರ ಹೆಂಡತಿ ಹಜಾರದಲ್ಲಿ ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ. "ಅಡಿಗೆ ಮುಗೀತು. ಅಡಿಗೆಮನೇಲಿ ಯಾರೂ ಇಲ್ಲ. ನೀವೇ ಬರೆದು ಅಂಟ್ಸಿದೀರಲ್ಲ."

"ಈ ಕಡೆ ನಾನಿದೀನಲ್ಲೇ."

"ಆ ಕಡೆಗೆ ಚೀಟಿ ಇಲ್ಲ."

ಬಚ್ಚಲಿಗೆ ಕಿಟಕಿ ಇರಲಿಲ್ಲ. ಹತ್ತು ನಿಮಿಷ ಬಿಟ್ಟು ಯಜಮಾನರು ಹೊರಗೆ ಬಂದರು. ಮೂವತ್ತು ವರ್ಷ ಆಫೀಸಿನವರನ್ನೆಲ್ಲ ಹೆದರಿಸಿದ್ದ ಮೀಸೆ ಈಗ ಎಡಗಡೆ ಮಾತ್ರ ಇತ್ತು. ನಾನು ಕಾರ್ಡಿನಲ್ಲಿ ರೀಡಿಂಗ್ ಬರೆಯುವುದರಲ್ಲಿ ತುಂಬ ಮಗ್ನನಾದವನಂತೆ ಬಗ್ಗಿದೆ. ಹೆಂಡತಿ ಒಂದು ಸಲ ನೋಡಿ, "ಹೋಗ್ಲಿ ಬಿಡಿ, ಅದ್ರಲ್ಲೂ ಅರ್ಧ ಉಳೀತು" ಅಂದರು.

2. ತಲಘಟ್ಟಪುರಕ್ಕೆ ಹೋದ ಫ್ಯೂಸು

ಬಡಾವಣೆಗೆ ಜಮೀನು ಹೋಗಿ, ಬಂದ ದುಡ್ಡಿನಲ್ಲಿ ಆರು ಮನೆಯ ವಠಾರ ಕಟ್ಟಿಸಿದ ಯಜಮಾನರೊಬ್ಬರಿದ್ದರು. ಅವರ ಮನೆಯೂ ಸೇರಿ ವಠಾರಕ್ಕೆಲ್ಲ ಒಂದೇ ಮೀಟರು. ಬಾಡಿಗೆಯಲ್ಲೇ ಕರೆಂಟೂ ಸೇರಿತ್ತು. ಆ ಕರಾರು ಮಾಡಿದವರು ಅವರೇ, ಅದನ್ನು ನೆನೆಸಿಕೊಂಡು ದಿನಾ ಹೊಟ್ಟೆ ಉರಿಸಿಕೊಳ್ಳುತ್ತಿದ್ದವರೂ ಅವರೇ. ಸಂಜೆ ಏಳೂವರೆ ಆಯಿತೋ ಇಲ್ಲವೋ ಫ್ಯೂಸು ಕಿತ್ತು ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡುಬಿಡುತ್ತಿದ್ದರು.

ಒಂದು ಸಲ ನೆಂಟರ ಮದುವೆಗೆ ತಲಘಟ್ಟಪುರಕ್ಕೆ ಒಬ್ಬರೇ ಹೊರಟರು. ಬಾಡಿಗೆಯವರ ಮೇಲೆ ನಂಬಿಕೆ ಇಲ್ಲ, ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡೇ ಹೋದರು. ನಾಲ್ಕು ದಿನ ಅಲ್ಲಿ ಆಗಾಗ ಜೇಬು ಮುಟ್ಟಿ ನೋಡಿಕೊಂಡು ನೆಮ್ಮದಿಯಾಗಿ ಉಂಡರಂತೆ.

ಅವರು ವಾಪಸ್ಸು ಬಂದಾಗ ನಾನು ಅಲ್ಲೇ ಇದ್ದೆ. ಮಟಮಟ ಮಧ್ಯಾಹ್ನ. ವಠಾರದ ಅಷ್ಟೂ ಬಲ್ಬು ಉರಿಯುತ್ತಿದ್ದವು. ಒಂದು ಮನೆಯಲ್ಲಿ ಟೇಬಲ್ ಫ್ಯಾನು ಗೋಡೆಗೆ ಗಾಳಿ ಹಾಕುತ್ತಿತ್ತು.

"ಯಾವನ್ಲಾ ಅವ್ನು, ಫ್ಯೂಸ್ ಹಾಕ್ದೋನು" ಅಂದರು.

ಯಜಮಾನರ ಹೆಂಡತಿಯೇ ಬಾಗಿಲಿಗೆ ಬಂದರು. "ನಾನೇ ತರ್ಸಿದ್ದು. ಅಂಗಡೀಲಿ ಮಾರ್ತಾರೆ, ಮುಕ್ಕಾಲು ರೂಪಾಯಿ."

"ನಿಂಗೇನಮ್ಮಿ ಬಂದಿತ್ತು?"

"ಈ ಮನೆಗೆ ಬಂದಾಗಿಂದ ರಾತ್ರಿ ಹೊತ್ತು ಏನು ಉಣ್ತಾ ಇದೀವಿ ಅಂತ್ಲೇ ಕಂಡಿರ್ಲಿಲ್ಲ. ಮೊನ್ನೆ ಬೆಳಕಲ್ಲಿ ತಟ್ಟೆ ನೋಡ್ದೆ." ಆಕೆ ಒಳಗೆ ಹೋಗಿ ಹೊಸ ಫ್ಯೂಸನ್ನು ಕಿತ್ತು ತಂದು ಗಂಡನ ಕೈಗಿಟ್ಟರು. "ತಗಳಿ, ಇದ್ನೂ ಜೇಬಲ್ಲಿಟ್ಕಳಿ. ನೀವು ತರೋ ಬೇಳೆ ತಿನ್ನಾಕೆ ಕತ್ಲೇ ಸರಿ."

3. ಮಾವ ಕೊಟ್ಟ ರೇಡಿಯೋ

ಜಯನಗರದ ಒಂದು ಮನೆಗೆ ಹಗಲೆಲ್ಲ ಬೀಗ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಗಂಡ ಬ್ಯಾಂಕಿನಲ್ಲಿ ಆಫೀಸರು. ಅದಕ್ಕೇ ಒಂದು ದಿನ ಸಂಜೆ ಹೋದೆ. ಮನೆ ಕತ್ತಲೆ. ಹಜಾರದ ಮೂಲೆಯಲ್ಲಿ ಮಾತ್ರ ಹಳದಿ ಬೆಳಕಿನ ಒಂದು ಪಟ್ಟಿ, ಅದಕ್ಕೆ ಮೂಗು ತಾಗಿಸಿಕೊಂಡು ಆಫೀಸರು ಕೂತಿದ್ದರು. ನೋಡಿದರೆ ಅದು ರೇಡಿಯೋ. ಆಗಿನ ದೊಡ್ಡ ವಾಲ್ವ್ ರೇಡಿಯೋಗಳಲ್ಲಿ ಸ್ಟೇಷನ್ನು ತೋರಿಸುವ ಗಾಜಿನ ಹಿಂದೆ ಪುಟ್ಟ ದೀಪ ಇರುತ್ತಿತ್ತು.

"ವಾರ್ತೆ ಕೇಳ್ತಿದೀರಾ ಸಾರ್? ಸದ್ದೇ ಇಲ್ಲ."

"ಸದ್ದು ಪೂರ್ತಿ ತಗ್ಗಿಸಿದೀನಿ. ಅದಕ್ಕೂ ಕರೆಂಟು ಹೋಗುತ್ತಲ್ಲ. ನಾನು ಪೇಪರ್ ಓದ್ತಿದೀನಿ."

ನನಗೆ ತಡೆಯಲಾಗಲಿಲ್ಲ. "ಸಾರ್, ಈ ಪೆಟ್ಟಿಗೆ ಎರಡು ಬಲ್ಬಿನಷ್ಟು ಕರೆಂಟು ಎಳೆಯುತ್ತೆ. ಸುಮ್ಮನೆ ಒಂದು ಬಲ್ಬು ಹಾಕ್ಕೊಂಡು ಓದಿ."

ಲೆಕ್ಕ ಬರದವನನ್ನು ನೋಡುವ ಹಾಗೆ ಅವರು ನನ್ನನ್ನು ನೋಡಿದರು. "ಬಲ್ಬ್ ಹೋದ್ರೆ ನಾನು ದುಡ್ಡು ಕೊಟ್ಟು ತರ್ಬೇಕು ಕಣ್ರೀ. ರೇಡಿಯೋ ಮಾವ ಕೊಟ್ಟಿದ್ದು."

ಊರಿನವರ ಠೇವಣಿಯ ದುಡ್ಡು ಇಂಥವರ ಕೈಯಲ್ಲಿತ್ತು. ಮಾರನೇ ದಿನ ನಾನು ಅಂಚೆ ಕಛೇರಿಯಲ್ಲಿ ಖಾತೆ ತೆರೆದೆ.

4. ಕಂಬದ ಕೆಳಗಿನ ಸಂಬಂಧ

ಇದು ನಾನು ಬಾಡಿಗೆಗಿದ್ದ ಬೀದಿಯಲ್ಲೇ ನಡೆದದ್ದು. ಎದುರು ಮನೆಯಲ್ಲಿ ಒಬ್ಬರು ರಿಟೈರ್ಡ್ ಸಬ್ ರಿಜಿಸ್ಟ್ರಾರ್. ಕಂಡವರ ಕೈಕಾಲು ಹಿಡಿದು ಬೀದಿ ದೀಪದ ಕಂಬವನ್ನು ತಮ್ಮ ಕಿಟಕಿಯ ಎದುರಿಗೇ ಹಾಕಿಸಿಕೊಂಡರು. ಆಮೇಲೆ ಕಿಟಕಿ ದೊಡ್ಡದು ಮಾಡಿಸಿದರು. ಆಮೇಲೆ ಮುಂದಿನ ಕೋಣೆಯ ಬಲ್ಬನ್ನೇ ಬಿಚ್ಚಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಓದು, ಊಟ, ಹರಟೆ ಎಲ್ಲ ಬೀದಿ ದೀಪದಲ್ಲೇ. ಅವರ ಮನೆಯಲ್ಲಿ ಇವತ್ತು ಯಾವ ಹುಳಿ ಅಂತ ದಾರಿಹೋಕರಿಗೆಲ್ಲ ಗೊತ್ತಾಗುತ್ತಿತ್ತು.

ಅವರಿಗೊಬ್ಬಳು ಮಗಳು, ಸ್ಕೂಲಿನಲ್ಲಿ ಟೀಚರು, ಒಳ್ಳೆಯ ಹುಡುಗಿ. ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದು ಮೈಸೂರಿನದು. ಮಧ್ಯಾಹ್ನ ಬರಬೇಕಾದವರು ಬಸ್ಸು ಕೆಟ್ಟು, ಬರುವ ಹೊತ್ತಿಗೆ ದೀಪ ಹತ್ತುವ ಹೊತ್ತಾಗಿತ್ತು. ಹುಡುಗಿ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಅಷ್ಟರಲ್ಲಿ ಬೀದಿ ದೀಪ ಹೋಯಿತು.

ಸಬ್ ರಿಜಿಸ್ಟ್ರಾರು ನನ್ನ ಮನೆಗೆ ಓಡಿಬಂದರು. "ಕಂಬದ ದೀಪ ಹೋಗಿದೆ. ಬೇಗ ಬಂದು ಹತ್ತಿಸಿ."

"ನಾನು ಮೀಟರ್ ಓದೋನು ಸಾರ್, ಕಂಬ ಹತ್ತೋನಲ್ಲ. ಟ್ರಂಕಿಂದ ಬಲ್ಬ್ ತೆಗೆದು ಹಾಕಿ."

"ಬೀಗದ ಕೈ ಎಲ್ಲಿಟ್ಟೆ ಅಂತ ಕತ್ತಲಲ್ಲಿ ಕಾಣ್ತಿಲ್ಲ."

ಮಗಳ ಗತಿ ನೆನೆದು ಕಂದೀಲು ಹಿಡಿದು ಹೊರಟೆ. ಅವರಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ಪಂಚೆ ಮೇಲೆ ಕಟ್ಟಿ, ಜರಿ ಶಲ್ಯ ಹೆಗಲಿಗೆ ಎಸೆದು, ಕಂಬಕ್ಕೆ ಜಾಡಿಸಿ ಒಂದು ಒದ್ದರು. ದೀಪ ಹತ್ತಿತು. ಮತ್ತೆ ಆರಿತು. ಇನ್ನೊಂದು ಒದ್ದರು. ಈ ಸಲ ಆರದೆ ನಿಂತಿತು.

ಕಿಟಕಿಯೊಳಗೆ ಎಲ್ಲ ಕಾಣಿಸಿತು. ಹುಡುಗನ ತಾಯಿಯ ರೇಷ್ಮೆ ಸೀರೆಯ ಮೇಲೆ ಕಾಫಿ. ಹುಡುಗ, ಹುಡುಗಿ ಇಬ್ಬರೂ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ್ದರು. ಹುಡುಗನ ತಂದೆ ಮಾತ್ರ ಕೂತಲ್ಲಿರಲಿಲ್ಲ. ಅವರು ಹೊರಗೆ ಬಂದು, ಭಾವೀ ಬೀಗರು ಕಂಬಕ್ಕೆ ಒದೆಯುವುದನ್ನು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ಈ ಸಂಬಂಧವೂ ಮುಗಿಯಿತು ಅಂದುಕೊಂಡೆ. ಅವರು ಮೆಟ್ಟಿಲಿಳಿದು ಬಂದು ಕಂಬಕ್ಕೆ ಒಂದು ಸುತ್ತು ಹಾಕಿದರು. ಮೇಲಿನ ದೀಪ ನೋಡಿದರು, ದೊಡ್ಡ ಕಿಟಕಿ ನೋಡಿದರು, ಒಳಗೆ ಬಲ್ಬಿಲ್ಲದ ಹೋಲ್ಡರ್ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ನೀವು ಎಲೆಕ್ಟ್ರಿಕ್ ಇಲಾಖೆಯವರಂತೆ. ಮೈಸೂರಲ್ಲಿ ನಮ್ಮ ಮನೆ ಮುಂದೂ ಇಂಥದ್ದೊಂದು ಹಾಕ್ಸೋಕೆ ಯಾರಿಗೆ ಅರ್ಜಿ ಕೊಡ್ಬೇಕು ಸಾರ್?"

ತಾಂಬೂಲ ಅಲ್ಲೇ ಬದಲಾಯಿತು. ಮದುವೆಗೆ ನಾನೂ ಹೋಗಿದ್ದೆ. ಆರತಕ್ಷತೆ ಮಧ್ಯಾಹ್ನ ಮೂರು ಗಂಟೆಗೆ, ಉರಿಬಿಸಿಲಿನಲ್ಲಿ. ಅದೊಂದು ವಿಷಯಕ್ಕೆ ಎರಡು ಕಡೆಯವರೂ ಚರ್ಚೆಯೇ ಇಲ್ಲದೆ ಒಪ್ಪಿಕೊಂಡರಂತೆ.